ಎರಡು ವರ್ಷದ ಎಣಿಕೆಯಲ್ಲಿ ಇಪ್ಪತ್ತೊಂದು ದಿನ

ನಾನು ಹದಿನಾಲ್ಕು ವರ್ಷ ಕೆಲಸ ಮಾಡಿದ ಆಫೀಸಿನಲ್ಲಿ ಬಡ್ತಿ ಎನ್ನುವುದು ಇರಲಿಲ್ಲ. ಸೇರಿದ ದಿನ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತೆ, ಬಿಟ್ಟ ದಿನ ಕಿಟಕಿ ಪಕ್ಕದ ಕುರ್ಚಿಯಿಂದ ಎದ್ದೆ, ಅಷ್ಟೇ. ಕಿಟಕಿಯಿಂದ ಹಿಮಾಯತ್‌ನಗರದ ರಸ್ತೆಯೂ ಎದುರಿನ ಕಟ್ಟಡದ ಮೇಲೆ ಒಂದು ತುಂಡು ಆಕಾಶವೂ ಕಾಣುತ್ತಿದ್ದವು. ಅದನ್ನೂ ನನ್ನ ದೇವರು ಪಾಂಡುರಂಗ ಕೊಟ್ಟದ್ದೆಂದೇ ತಿಳಿದಿದ್ದೆ.

ಇಂಥ ಆಫೀಸುಗಳಿಗೆ ಈಗ ಹೊಸ ಹುಡುಗಿಯರು ಸೇರುತ್ತಿದ್ದಾರೆ. ನನ್ನ ತಂಗಿಯ ಮಗಳೂ ಸೇರಿದ್ದಾಳೆ. ಕಂಪ್ಯೂಟರಿನಲ್ಲಿ ಅವರು ನನಗಿಂತ ಚುರುಕು, ಆ ವಿಷಯ ನಾನು ಹೇಳಬೇಕಾಗಿಲ್ಲ. ಒಂದು ತಪ್ಪು ಹೇಗಾಗುತ್ತದೆ ಎನ್ನುವುದನ್ನು ಮಾತ್ರ ಬರೆದಿಡಬೇಕು ಅನ್ನಿಸಿತು. ನಾನು ಮಾಡಿದೆ, ಹಾಗಾಗಿ ಗೊತ್ತು.

ನಾನು ಮೂಲತಃ ಮನೆಯಾಕೆ. ಕಲಬುರ್ಗಿ ಕಡೆಯವಳು, ಮದುವೆಯಾಗಿ ಹೈದರಾಬಾದಿಗೆ ಬಂದವಳು. ಬಾಲಾನಗರದ ಒಂದು ಕಾರ್ಖಾನೆಯಲ್ಲಿ ನಮ್ಮ ಮನೆಯವರ ಬಲಗೈ ಬೆರಳುಗಳು ಮಶೀನಿಗೆ ಸಿಕ್ಕಿದ ಮೇಲೆ ನಾನು ಹೊರಗೆ ದುಡಿಯಬೇಕಾಯಿತು. ಹೆಬ್ಬೆರಳೂ ಅದರ ಪಕ್ಕದ್ದೂ ಉಳಿದವು. ಊಟ ತಾವೇ ಕಲಸಿಕೊಂಡು ಮಾಡುತ್ತಾರೆ, ತುಳಸಿಗೆ ನೀರು ಹಾಕುತ್ತಾರೆ. ಅಷ್ಟನ್ನು ಉಳಿಸಿದ ದೇವರಿಗೆ ದಿನಾ ಕೈ ಮುಗಿದೇ ಬಸ್ಸು ಹತ್ತುತ್ತಿದ್ದೆ.

ಆಫೀಸು ಖಾನ್ ಸಾಹೇಬರದು. ಬೀದರಿನವರು, ವಕೀಲಿ ಓದಿದವರು, ಕನ್ನಡವನ್ನೂ ದಖನಿ ಉರ್ದುವನ್ನೂ ಒಂದೇ ಉಸಿರಿನಲ್ಲಿ ಆಡುವವರು. ಅಮೆರಿಕಕ್ಕೆ ವಿನಿಮಯ ವೀಸಾದ ಮೇಲೆ ಹೋದವರ ಕಾಗದಪತ್ರ ನೋಡುವುದು ನಮ್ಮ ಕೆಲಸ. ಸಂಶೋಧನೆಗೋ ತರಬೇತಿಗೋ ಹೀಗೆ ಹೋಗುವ ಕೆಲವರಿಗೆ ಒಂದು ಷರತ್ತು ಇರುತ್ತದೆ. ಕಲಿತದ್ದು ಮುಗಿದ ಮೇಲೆ ಸ್ವದೇಶಕ್ಕೆ ಮರಳಿ ಒಟ್ಟು ಎರಡು ವರ್ಷ ಇರಬೇಕು. ಅಷ್ಟಾಗುವ ತನಕ ಅಲ್ಲಿ ನೌಕರಿ ಮಾಡುವ ವೀಸಾ ಸಿಗುವುದಿಲ್ಲ, ಅಲ್ಲಿ ನೌಕರಿಯಲ್ಲಿರುವ ಗಂಡನ ಜೊತೆ ಇರುವ ವೀಸಾ ಸಿಗುವುದಿಲ್ಲ, ಗ್ರೀನ್ ಕಾರ್ಡಿನ ಮಾತಂತೂ ಇಲ್ಲವೇ ಇಲ್ಲ.

ಮೊದಲ ದಿನ ಸಾಹೇಬರು ಇದನ್ನೆಲ್ಲ ಹೇಳಿ, "ತಿಳೀತೇನ್ ಕಮಲಾಬಾಯಿ?" ಅಂದರು.

"ತಿಳೀತ್ರಿ. ತವರಿಗೆ ಬಂದ ಮಗಳು ಎರಡು ವರ್ಷ ಗಂಡನ ಮನಿಗೆ ಹೋಗೂಹಂಗಿಲ್ಲ."

"ಬಸ್! ನನಗ ಲಾ ಕಾಲೇಜಿನಾಗ ಇಷ್ಟ್ ಸಾಫ್ ಯಾರೂ ಹೇಳಲಿಲ್ಲ ನೋಡ್ರಿ" ಎಂದು ನಕ್ಕಿದ್ದರು.

ಷರತ್ತಿನಿಂದ ಬಿಡುಗಡೆ ಕೇಳಲು ಒಂದು ದಾರಿ ಇದೆ. "ಇವರು ವಾಪಸ್ ಬರದಿದ್ದರೂ ನಮ್ಮ ಆಕ್ಷೇಪವಿಲ್ಲ" ಎಂದು ನಮ್ಮ ಸರ್ಕಾರವೇ ಬರೆದುಕೊಡಬೇಕು. ನಾನು ಸೇರಿದಾಗ ಆ ಪತ್ರಕ್ಕಾಗಿ ರಾಜ್ಯ ಸರ್ಕಾರದ ಕಚೇರಿ, ಪಾಸ್‌ಪೋರ್ಟ್ ಕಚೇರಿ, ದಿಲ್ಲಿ ಎಂದು ಫೈಲು ಊರೂರು ಸುತ್ತುತ್ತಿತ್ತು. ಅಬಿಡ್ಸ್‌ನ ಪೋಸ್ಟಾಫೀಸಿನಲ್ಲಿ ರಿಜಿಸ್ಟರ್ ಮಾಡಿ, ರಸೀದಿಯನ್ನು ಕಣ್ಣಿಗೊತ್ತಿಕೊಂಡು ಬರುತ್ತಿದ್ದೆ. ಆಮೇಲೆ ಎಲ್ಲ ಆನ್‌ಲೈನ್ ಆಯಿತು, ನನ್ನ ಮೊಣಕಾಲು ಉಳಿಯಿತು. ನಾನು ಬಿಟ್ಟ ಮೇಲೆ, ಯಾವ ದೇಶದ ಯಾವ ವಿದ್ಯೆಯವರು ಮರಳಬೇಕು ಎನ್ನುವ ಅವರ ಪಟ್ಟಿಯಿಂದ ನಮ್ಮ ದೇಶದ ಹೆಸರನ್ನೇ ತೆಗೆದರಂತೆ. ಎಷ್ಟೋ ಜನ ಒಂದೇ ದಿನದಲ್ಲಿ ಬಿಡುಗಡೆಯಾದರು. ಆದರೆ ಸರ್ಕಾರದ ಫೆಲೋಶಿಪ್ಪಿನ ಮೇಲೆ ಹೋದವರಿಗೂ ಅಲ್ಲಿ ತರಬೇತಿ ಪಡೆದ ಡಾಕ್ಟರುಗಳಿಗೂ ಷರತ್ತು ಇಂದಿಗೂ ಇದೆ. ಅಂಥವರು ನಿಮ್ಮ ಮೇಜಿನ ಮುಂದೆಯೂ ಬಂದು ಕೂರುತ್ತಾರೆ.

ಕೂತವರ ಮುಖ ನೋಡಲು ಕಲಿಯಿರಿ, ಕಾಗದ ಆಮೇಲೆ. ಮಲಕ್‌ಪೇಟೆಯ ಒಬ್ಬ ಎಂಜಿನಿಯರ್ ಎರಡು ವರ್ಷ ಮುಗಿಯಿತೆಂದು ಮಿಠಾಯಿ ಡಬ್ಬಿ ಹಿಡಿದುಕೊಂಡೇ ಬಂದಿದ್ದ. ಪಾಸ್‌ಪೋರ್ಟ್ ತಿರುವಿದರೆ ನಡುವೆ ದುಬೈನಲ್ಲಿ ಅಣ್ಣನ ಮನೆಯಲ್ಲಿ ಕಳೆದ ನಲವತ್ತು ದಿನ. ಸ್ವದೇಶದ ಹೊರಗಿದ್ದ ದಿನಗಳು ಎಣಿಕೆಗೆ ಬರುವುದಿಲ್ಲ ಎಂದು ನಾನೇ ಹೇಳಬೇಕಾಯಿತು. ಅವನು ಡಬ್ಬಿಯನ್ನು ಮೇಜಿನ ಮೇಲೇ ಬಿಟ್ಟು ಹೋದ. ನಾವ್ಯಾರೂ ಅದನ್ನು ತೆರೆಯಲಿಲ್ಲ. ಇನ್ನೊಬ್ಬಳಿಗೆ ಬಿಡುಗಡೆ ಪತ್ರವನ್ನು ಗಡಿಬಿಡಿಯಲ್ಲಿ ಬೇಗ ತರಿಸಿಕೊಟ್ಟೆವು. ಅದು ಬಂದ ಮೇಲೆ ವಿನಿಮಯ ವೀಸಾ ಮುಂದುವರಿಸಿಕೊಡುವುದಿಲ್ಲ ಎನ್ನುವುದು ಅವಳಿಗೆ ತಿಳಿದಿರಲಿಲ್ಲ, ನಾವೂ ಮೊದಲೇ ಹೇಳಿರಲಿಲ್ಲ. ಪ್ರಯೋಗ ಅರ್ಧದಲ್ಲಿ ಬಿಟ್ಟು ಬಂದಳು. ಅಂದಿನಿಂದ ಸಾಹೇಬರು ಎಲ್ಲರನ್ನೂ ಮೊದಲು ಕೇಳುತ್ತಿದ್ದ ಪ್ರಶ್ನೆ, "ಅಲ್ಲಿ ಇನ್ನೂ ಎಷ್ಟು ದಿನದ ಕೆಲಸ ಐತಿ?"

ಈಗ ಸುಧಾಳ ವಿಷಯ.

ಸುಧಾ ಕಾಚಿಗುಡದ ಹುಡುಗಿ. ಅವಳ ತಾಯಿ ನಮ್ಮ ಕಡೆಯವರೇ. ಇಬ್ಬರೂ ಒಂದೇ ವಿಠಲ ಮಂದಿರದ ಭಜನೆಗೆ ಹೋಗುವವರು, ಹಾಗಾಗಿ ಅವರು ನನಗೆ ವೈನಿ, ಅಂದರೆ ಅತ್ತಿಗೆ; ನಾನು ಸುಧಾಗೆ ಕಾಕು, ಅಂದರೆ ಚಿಕ್ಕಮ್ಮ. ಸರ್ಕಾರದ ಫೆಲೋಶಿಪ್ ಸಿಕ್ಕಿ ಲಸಿಕೆಗಳ ಸಂಶೋಧನೆಗೆ ಹೋದವಳು. ಗಂಡ ಅಲ್ಲಿಯೇ ನೌಕರಿಯಲ್ಲಿದ್ದ, ಮಗಳು ಅಲ್ಲಿಯೇ ಹುಟ್ಟಿದಳು. ಮಗುವಿನ ಹೆಸರು ಮಿಹಿಕಾ. ಸಂಶೋಧನೆಯ ಅವಧಿ ಮುಗಿದಾಗ ಸುಧಾ ಮಗುವನ್ನು ಗಂಡನ ಹತ್ತಿರ ಬಿಟ್ಟು ಒಬ್ಬಳೇ ಬಂದಳು. ಆಗ ಮಗುವಿಗೆ ಮೂರು ವರ್ಷ.

ಹೇಗೆ ಬಿಟ್ಟು ಬಂದಳು ಎಂದು ನೀವು ಕೇಳಬಹುದು. ಭಜನೆಗೆ ಬರುವ ಹೆಂಗಸರೆಲ್ಲ ಕೇಳಿದರು. ಬಿಡುಗಡೆಯ ಅರ್ಜಿ ಹಾಕಿತ್ತು, ಆರು ತಿಂಗಳಲ್ಲಿ ಪತ್ರ ಬರುತ್ತದೆ ಎಂದುಕೊಂಡಿದ್ದರು. ಅಷ್ಟು ದಿನಕ್ಕೆ ಮಗುವನ್ನು ಇದ್ದ ಜಾಗದಿಂದ ಯಾಕೆ ಎಬ್ಬಿಸಿಕೊಂಡು ಬರುವುದು ಎಂದು, ಮೊದಲೇ ಗ್ರೀನ್ ಕಾರ್ಡ್ ಇದ್ದ ಅತ್ತೆಯನ್ನು ಅಲ್ಲಿಗೆ ಕರೆಸಿದರು. ಪತ್ರ ಬರಲಿಲ್ಲ. ಸರ್ಕಾರದ ಫೆಲೋಶಿಪ್ ಪಡೆದವರಿಗೆ ಅದು ಸುಲಭವಾಗಿ ಸಿಗುವುದಿಲ್ಲ. ನೋಡಿ ಬರುವ ವೀಸಾ ಕೇಳಿದಳು. ಗಂಡ, ಮಗು ಇಬ್ಬರೂ ಅಲ್ಲಿರುವಾಗ ನೀನು ವಾಪಸ್ ಬರುತ್ತೀಯೆಂಬ ನಂಬಿಕೆ ಇಲ್ಲ ಎಂದು ಅದನ್ನೂ ಕೊಡಲಿಲ್ಲ. ಒಮ್ಮೆ ಅತ್ತೆ ಮಗುವನ್ನು ಕರೆದುಕೊಂಡು ಮೂರು ವಾರಕ್ಕೆ ಬಂದರು. ಮೊದಲ ವಾರ ಮಗು ಅಜ್ಜಿಯ ಸೆರಗು ಬಿಡಲಿಲ್ಲ. ಎರಡನೆಯ ವಾರ ತಾಯಿಯ ತಟ್ಟೆಯಿಂದ ತಿಂದಿತು. ಮೂರನೆಯ ವಾರ ಮಗ್ಗುಲಲ್ಲಿ ಮಲಗಿತು, ಅಷ್ಟರಲ್ಲಿ ಹೊರಡುವ ದಿನ ಬಂತು. ಇಲ್ಲಿಯೇ ಇರಲಿ ಎಂದು ಸುಧಾ ಎಷ್ಟೋ ಬೇಡಿಕೊಂಡಳು. ಗಂಡ ಫೋನಿನಲ್ಲಿ ಒಪ್ಪಲಿಲ್ಲ.

ವಿಮಾನ ನಿಲ್ದಾಣದಲ್ಲಿ ಅವಳು ಮಗುವಿಗೆ ಒಂದು ಮಾತು ಕೊಟ್ಟಳು. ಐದು ತುಂಬಿ ಶಾಲೆಗೆ ಹೋಗುವ ಮೊದಲ ದಿನ ನಾನೇ ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆ ಎಂದು. ಶಾಲೆ ಆಗಸ್ಟಿನ ಮೂರನೇ ವಾರ ಶುರು. ಅವಳ ಎರಡು ವರ್ಷ ಮುಗಿಯುವುದು ಅದಕ್ಕೆ ಮೊದಲೇ. ಒಂದು ದಿನ ಆಫೀಸಿಗೆ ಬಂದು ನನ್ನ ಮುಂದೆ ಕೂತು ಹೇಳಿದಳು, "ಕಾಕು, ಬ್ಯಾರೆ ಏನೂ ಬ್ಯಾಡ ನನಗ. ಆ ಒಂದು ದಿನಕ್ಕ ಮುಟ್ಟಿಸಿಬಿಡ್ರಿ."

"ಮುಟ್ಟಸ್ತೀವಿ ಬಿಡವಾ. ಪಾಂಡುರಂಗ ಇದ್ದಾನ" ಅಂದೆ.

ನಮ್ಮಲ್ಲಿ ಪ್ರತಿ ಫೈಲಿನ ಮೂಲೆಗೆ ಒಂದು ಎಣಿಕೆ ಚೀಟಿ ಪಿನ್ನು ಮಾಡುವ ರೂಢಿ ಇತ್ತು. ಬಂದ ದಿನ, ನಡುವೆ ಹೊರಗಿದ್ದ ದಿನಗಳು, ಎರಡು ವರ್ಷ ತುಂಬುವ ದಿನ, ಈ ಮೂರನ್ನು ನಾನೇ ಬರೆಯುತ್ತಿದ್ದೆ, ಕೆಳಗೆ ಸಾಹೇಬರು ಸಹಿ ಹಾಕುತ್ತಿದ್ದರು. ನನಗೆ ದಿನಗಳು ತಿಥಿಯ ಮೇಲೆ ನೆನಪಿರುತ್ತವೆ. ಯಾರ ಪತ್ರ ಯಾವ ದಿನ ಬಂತು ಎಂದರೆ ಸಂಕಷ್ಟಿಯ ಮರುದಿನ, ಯಾರ ಫೈಲು ಯಾವಾಗ ಹೋಯಿತು ಎಂದರೆ ಗೌರಿ ಕಳಿಸಿದ ದಿನ ಎಂದು ಥಟ್ಟನೆ ಹೇಳುತ್ತಿದ್ದೆ. ಸಾಹೇಬರು ಬಂದವರ ಮುಂದೆ ಹೆಮ್ಮೆಯಿಂದ, "ನಮ್ಮ ಕಮಲಾಬಾಯಿ ತಲಿಯೊಳಗ ಪೂರಾ ಕ್ಯಾಲೆಂಡರ್ ಐತಿ, ಕರೆಂಟ್ ಹೋದ್ರೂ ಬಂದ್ ಆಗಂಗಿಲ್ಲ" ಎನ್ನುತ್ತಿದ್ದರು. ನನಗೂ ಒಳಗೊಳಗೆ ಹಿಗ್ಗು. ಆ ಹಿಗ್ಗೇ ನನ್ನನ್ನು ಕೆಡಿಸಿತು ಅನ್ನಿಸುತ್ತದೆ.

ಸುಧಾಳ ಚೀಟಿ ಬರೆಯುವ ದಿನ ಪಾಸ್‌ಪೋರ್ಟ್ ಅವಳ ಬಳಿಯೇ ಇತ್ತು, ಫೈಲಿನಲ್ಲಿರಲಿಲ್ಲ. ಮನೆಗೆ ಫೋನು ಮಾಡಿದೆ. ತಾಯಿ ಎತ್ತಿದರು.

"ವೈನೀ, ಸುಧಾ ಬಂದ ದಿನ ಯಾವುದ್ರಿ?"

"ತಾರೀಖು ಯಾರಿಗೆ ನೆನಪಿರ್ತೈತ್ರಿ? ಆಷಾಢ ಏಕಾದಶಿ ಮುಂಜಾನೆ ಬಂದ್ಲು. ಅಷ್ಟ್ ದೂರದಿಂದ ಬಂದ ಮಗಳಿಗೆ ಸಾಬುದಾಣಿ ಹಾಕಿದೆ. 'ಅವ್ವಾ, ಒಂದ್ ತುತ್ತು ಅನ್ನ ಹಾಕು' ಅಂತ ಕಣ್ಣಾಗ ನೀರ ತಂದ್ಲು."

"ಹಾಕಿದ್ರೇನು?"

"ಏಕಾದಶಿ ದಿನ ಹ್ಯಾಂಗ್ ಹಾಕ್ಲಿ? ದ್ವಾದಶಿಗೆ ಮುಂಜಾನೆದ್ದು ಮೊದಲ ಅನ್ನನ ಮಾಡಿದೆ."

ಇಬ್ಬರೂ ನಕ್ಕೆವು. ನನಗೂ ಆ ಏಕಾದಶಿ ನೆನಪಿತ್ತು. ಚೀಟಿಯಲ್ಲಿ "ಆಷಾಢ ಶುದ್ಧ ಏಕಾದಶಿ" ಎಂದು ಬರೆದೆ. ಪಾಸ್‌ಪೋರ್ಟ್ ಬಂದ ಮೇಲೆ ಮುದ್ರೆ ನೋಡಿ ತಾರೀಖು ಹಾಕಬೇಕು ಎಂದುಕೊಂಡೆ, ಹಾಕಲಿಲ್ಲ. ಯುಗಾದಿಗೆ ಹೊಸ ಪಂಚಾಂಗ ತಂದಾಗ ಎರಡನೆಯ ವರ್ಷದ ಆಷಾಢ ಏಕಾದಶಿ ಎಂದು ಬರುತ್ತದೆ ನೋಡಿದೆ. ಜೂನ್ ಕೊನೆಗೆ ಇತ್ತು. ಏಕಾದಶಿಯಿಂದ ಏಕಾದಶಿಗೆ ಎರಡು ವರ್ಷ. ಅದನ್ನೇ ಬರೆದೆ. ಅದರ ಮೇಲೆ ನಾಲ್ಕು ದಿನ ಬಿಟ್ಟು, ಗುರುಪೂರ್ಣಿಮೆಯ ದಿನಕ್ಕೆ ವೀಸಾ ಸಂದರ್ಶನ ಗೊತ್ತು ಮಾಡಿದೆವು. ಗುರುವಿನ ದಿನ ಸಿಕ್ಕಿತಲ್ಲ ಎಂದು ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಸುಧಾ ಒಮ್ಮೆ ಕೇಳಿದ್ದಳು. ಇದನ್ನು ನಾನು ಮುಚ್ಚಿಡಬಾರದು.

"ಕಾಕು, ಜೂನ್ ಕೊನಿಗೇ ಮುಗೀತೈತೇನ್ರಿ? ನಾ ಜುಲೈನಾಗ ಬಂದಂಗ ನೆನಪು."

"ನಿಮ್ಮವ್ವನ್ನ ಕೇಳು. ಏಕಾದಶಿ ದಿನ ಬಂದು ಅನ್ನಕ್ಕ ಅತ್ತೀಯಂತ."

ಅವಳಿಗೆ ನಾಚಿಕೆಯಾಗಿ ನಗು ಬಂತು. ಬೇಗ ಹೋಗಬಹುದು ಎಂದು ಹಿರಿಯರಿಬ್ಬರು ಹೇಳುವಾಗ, ಅಲ್ಲ, ನಾನು ಇನ್ನೂ ಕಾಯಬೇಕು ಎಂದು ಯಾವ ತಾಯಿ ವಾದ ಮಾಡುತ್ತಾಳೆ?

ಗುರುಪೂರ್ಣಿಮೆಯ ದಿನ ಮಧ್ಯಾಹ್ನ ಸಂದರ್ಶನ ಮುಗಿಸಿ ಅವಳು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದಳು. ಹೊಸ ಸೀರೆ ಉಟ್ಟಿದ್ದಳು. ಕೈಯಲ್ಲಿ ಪಾಸ್‌ಪೋರ್ಟ್ ಇತ್ತು. ವೀಸಾ ಕೊಡುವುದಾದರೆ ಪಾಸ್‌ಪೋರ್ಟನ್ನು ಅಲ್ಲೇ ಇಟ್ಟುಕೊಳ್ಳುತ್ತಾರೆ. ಹೀಗೆ ಕೈಗೆ ವಾಪಸ್ ಕೊಟ್ಟರೆ ಏನರ್ಥ ಎಂದು ನಮಗೆಲ್ಲ ಗೊತ್ತು.

"ಇನ್ನೂ ಹದಿನೇಳು ದಿನ ಕಮ್ಮಿ ಅದಾವಂತ್ರಿ" ಅಂದಳು.

ನಾನು ಪಾಸ್‌ಪೋರ್ಟ್ ಇಸಿದುಕೊಂಡು ಮುದ್ರೆ ನೋಡಿದೆ. ಜುಲೈ ಮೂರನೇ ವಾರ. ಚೀಟಿಯಲ್ಲಿ ನನ್ನ ಅಕ್ಷರದಲ್ಲೇ ಜೂನ್. ನಡುವೆ ಇಪ್ಪತ್ತೊಂದು ದಿನ, ಅದರಲ್ಲಿ ನಾಲ್ಕು ಕಳೆದಿದ್ದವು. ನಮ್ಮ ಚಾಂದ್ರಮಾನದ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದು. ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು ಅದನ್ನು ಸರಿ ಮಾಡುತ್ತದೆ. ಅಧಿಕದ ಬಾಗಿನ ಕೊಡುವ ನನಗೆ ಇದು ಗೊತ್ತಿಲ್ಲದ್ದಲ್ಲ. ಆ ವರ್ಷದ ಅಧಿಕ ಮಾಸ ಇದ್ದದ್ದು ಆಷಾಢ ಮುಗಿದ ಮೇಲೆ. ನನ್ನ ಎಣಿಕೆಯೊಳಗೆ ಅದು ಬರಲೇ ಇಲ್ಲ.

"ತಪ್ಪು ನನ್ನದವಾ. ತಿಥಿ ಹಿಡಿದು ಎಣಿಸಿದೆ" ಅಂದೆ.

ಅವಳು ಚೀಟಿಯನ್ನು ಬಹಳ ಹೊತ್ತು ನೋಡಿದಳು. ಸಿಟ್ಟಿನಿಂದ ಕೂಗಿದ್ದರೆ ನನಗೆ ಹಗುರಾಗುತ್ತಿತ್ತು.

"ನಮ್ಮವ್ವನ್ನ ಕೇಳಿದ್ರಿ. ನನ್ನ ಯಾಕ ಕೇಳಲಿಲ್ರಿ, ಕಾಕು?"

ಅವಳೇ ಕೇಳಿದಾಗಲೂ ನಾನು ನಕ್ಕು ಕಳಿಸಿದ್ದೆ.

ಖಾನ್ ಸಾಹೇಬರು ಒಳಗಿನಿಂದ ಎದ್ದು ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ಚೀಟಿಯ ಕೆಳಗಿನ ತಮ್ಮ ಸಹಿಯ ಮೇಲೆ ಬೆರಳಿಟ್ಟರು.

"ಬೇಟಾ, ಇದು ನಂದು. ನಾ ನೋಡಲಾರದ ದಸ್ತಖತ್ ಹಾಕೀನಿ. ಕಮಲಾಬಾಯಿಗ ಏನ್ ಅಂತೀಯೋ ನನಗ ಮೊದಲ ಅನ್ನು."

"ಯಾರಿಗೆ ಅಂದ್ರ ಏನ್ರಿ ಸಾಹೇಬ್ರ, ಆಗಸ್ಟ್ ಹಿಂದಕ್ಕ ಹೋಗ್ತೈತೇನು?"

ಅವಳನ್ನು ಕಳಿಸಿ ಬಂದ ಮೇಲೆ ಸಾಹೇಬರು ನನಗೆ ಹೇಳಿದ್ದು ಇಷ್ಟೇ. "ಇವತ್ತಿಂದ ಮುದ್ರೆ ನೋಡಲಾರದ ಚೀಟಿ ಬರೀಬ್ಯಾಡ್ರಿ. ನಾನೂ ಹಾಗೇ ಸಹಿ ಹಾಕಂಗಿಲ್ಲ." ಎಲ್ಲರ ಮೇಲಧಿಕಾರಿಗಳೂ ಹೀಗಿರುವುದಿಲ್ಲ. ನನಗೆ ಸಿಕ್ಕಿದರು.

ಎರಡು ವರ್ಷ ನಿಜವಾಗಿ ತುಂಬಿದ ದಿನವೇ ಮತ್ತೆ ಅರ್ಜಿ ಹಾಕಿದೆವು. ಸಂದರ್ಶನದ ದಿನ ಸಿಕ್ಕಿದ್ದು ಡಿಸೆಂಬರಿನಲ್ಲಿ. ತುರ್ತು ಎಂದು ಬೇಡಿಕೆ ಬರೆದೆವು. ಮಗುವಿನ ಶಾಲೆಯ ಮೊದಲ ದಿನ ಎನ್ನುವುದು ಅವರ ತುರ್ತಿನ ಪಟ್ಟಿಯಲ್ಲಿ ಇರಲಿಲ್ಲ. ನಾನು ದಿನಾ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈ ಮುಗಿಯುವುದಕ್ಕೂ ಮೊದಲು ಕಂಪ್ಯೂಟರ್ ಗೊತ್ತಿದ್ದ ಪಕ್ಕದ ಮನೆಯವರನ್ನು ಎಬ್ಬಿಸಿ, ಯಾರಾದರೂ ಬಿಟ್ಟುಕೊಟ್ಟ ದಿನ ಖಾಲಿ ಇದೆಯೇ ಎಂದು ನೋಡಿಸುತ್ತಿದ್ದೆ. ಒಂದೂ ಸಿಗಲಿಲ್ಲ.

ಶಾಲೆಯ ಮೊದಲ ದಿನ ಸುಧಾ ನಮ್ಮ ಆಫೀಸಿಗೇ ಬಂದಳು. ಇಲ್ಲಿ ಸಂಜೆ ಐದೂವರೆ, ಅಲ್ಲಿ ಬೆಳಗು. ಮನೆಯಲ್ಲಿ ಸಮಾಧಾನ ಹೇಳುವವರು ತುಂಬಿದ್ದರಂತೆ, ಅದನ್ನು ತಡೆಯಲಾಗದೆ ಬಂದಿದ್ದಳು. ನನ್ನ ಮೇಜಿನ ಮೇಲೆ ಫೋನು ಒರಗಿಸಿ ವಿಡಿಯೋ ಕಾಲ್ ಮಾಡಿದಳು. ಮಗು ಬೂಟು ತೋರಿಸಿತು, ಬ್ಯಾಗು ತೋರಿಸಿತು. ಅಜ್ಜಿಯ ಸಹವಾಸದಿಂದ ಅದಕ್ಕೆ ಕನ್ನಡ ಚೆನ್ನಾಗಿ ಬರುತ್ತಿತ್ತು.

"ನೀ ಬರ್ತೀನಿ ಅಂದಿದ್ದಿ."

"ಹೌದವಾ. ಆಗಲಿಲ್ಲ."

"ಎಷ್ಟು ಸಲ ಮಲಗಿ ಎದ್ರ ಬರ್ತಿ?"

ಸುಧಾ ತಲೆಯೆತ್ತಿ ನನ್ನತ್ತ ನೋಡಿದಳು. ಹದಿನಾಲ್ಕು ವರ್ಷ ದಿನ ಎಣಿಸಿದವಳು ನಾನು.

"ಭಾಳ ಸಲ" ಅಂದಳು.

"ಹತ್ತು?"

"ಹತ್ತಕ್ಕಿಂತ ಭಾಳ."

ಹತ್ತರ ಮೇಲಿನದು ಮಗುವಿಗೆ ಬೇಕಾಗಲಿಲ್ಲವೇನೋ. ಅಜ್ಜಿ ಕರೆದರು, ಹೊರಡುವ ಹೊತ್ತಾಗಿತ್ತು, ಓಡಿಹೋಯಿತು. ಯಾರೋ ಫೋನನ್ನು ಮೇಜಿನ ಮೇಲೆ ಮಲಗಿಸಿದರು. ಬಹಳ ಹೊತ್ತು ಅಲ್ಲಿಯ ಮನೆಯ ಛಾವಣಿ ಕಾಣುತ್ತಿತ್ತು. ಸುಧಾ ಅದನ್ನೇ ನೋಡುತ್ತಾ ಕೂತಳು. ನಾನು ಚಹ ತರಿಸಿದೆ, ಆರಿಹೋಯಿತು.

ಡಿಸೆಂಬರಿನಲ್ಲಿ ವೀಸಾ ಸಿಕ್ಕಿತು. ಹದಿನೈದು ದಿನದಲ್ಲಿ ಹೊರಟಳು. ಹೋಗುವ ಮುಂಚೆ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಮಾಡಬೇಡ ಅಂದೆ, ಮಾಡಿದಳು. ಅದೇ ತಿಂಗಳು ನಾನು ಕೆಲಸ ಬಿಟ್ಟೆ. ಸಾಹೇಬರು ಬೇಡವೆಂದರು. ಎಣಿಕೆ ಚೀಟಿ ಕೈಗೆ ತೆಗೆದುಕೊಂಡರೆ ಒಂದೇ ತಾರೀಖನ್ನು ನಾಲ್ಕು ಸಲ ನೋಡುತ್ತಿದ್ದೆ. ಹೊಸಬರೇ, ನಿಮಗೆ ಒಂದೇ ಮಾತು. ನೆನಪು ಎಷ್ಟೇ ಗಟ್ಟಿ ಇರಲಿ, ಮುದ್ರೆ ನೋಡಿ ಬರೆಯಿರಿ. ಕಾಗದದ ಒಡೆಯರು ಬಂದು ನಿಮ್ಮ ಎಣಿಕೆಯ ಮೇಲೆ ಅನುಮಾನ ಪಟ್ಟರೆ ನಗಬೇಡಿ. ಅವರ ದಿನಗಳು ಅವರಿಗೇ ಹೆಚ್ಚು ಗೊತ್ತು.

ಸಂಕ್ರಾಂತಿಯ ನಂತರ ಒಂದು ದಿನ ಸುಧಾ ಫೋನು ಮಾಡಿದಳು.

"ಕಾಕು, ಇವತ್ತು ನಾನ ಶಾಲಿಗೆ ಬಿಟ್ಟು ಬಂದೆ."

"ಭಾಳ ಚಲೋ ಆತವಾ! ಖುಷಿಯಾಗಿದ್ಲೇನು?"

"ಸುಮ್ನ ಬಂದ್ಲ್ರಿ. ಕೈ ಹಿಡೀಲಿಲ್ಲ. ಗೇಟಿನಾಗ ಟೀಚರ್ ಕೇಳಿದ್ರು, ದಿನಾ ಅಜ್ಜಿ ಬರ್ತಿದ್ರು, ಇವತ್ತು ಯಾರು ಬಂದಾರ ಅಂತ."

"ಏನಂದ್ಲು?"

"'ನಮ್ಮ ಮನಿಗೆ ಬಂದವರು' ಅಂದ್ಲ್ರಿ."

ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ, "ವಾಪಸ್ ಕರಕೊಂಡು ಬರೂವಾಗ?"

"ಬ್ಯಾಗು ಭಾರ ಆಗಿತ್ತು. ನನ್ನ ಕೈಯಾಗ ಕೊಟ್ಲು. ತಾ ಮುಂದ ಮುಂದ ನಡದ್ಲು."

ಬ್ಯಾಗು ಕೊಟ್ಟಳಲ್ಲ, ಅಷ್ಟಾದರೂ ಆಯಿತಲ್ಲ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಜೀವನವಿಡೀ ನಾನು ಆಡುತ್ತ ಬಂದ ಮಾತು ಅದು. ನನ್ನ ಪಾಲಿಗೆ ಬಂದದ್ದಕ್ಕೆ ಅದನ್ನು ಆಡಬಹುದು. ಅವಳ ಪಾಲನ್ನು ಕಡಿಮೆ ಮಾಡಿದ ನಾನು ಅವಳಿಗೆ ಹೇಳಲು ಬರುವುದಿಲ್ಲ. ಸುಮ್ಮನೆ ಫೋನು ಕಿವಿಗೆ ಹಿಡಿದುಕೊಂಡು ನಿಂತೆ, ಅವಳು ಇಡುವ ತನಕ.